ಸೇವೆಗೂ ಒಂದು ಪಾಠಶಾಲೆ: ಶ್ರೀಮತಿ ಉಮಾಬಾಯಿ ಕುಂದಾಪುರ

ದಾನಕ್ಕೆ ನಮ್ಮ ನಾಡಿನಲ್ಲಿ ಎಂದೂ ಬರವಿದ್ದುದಿಲ್ಲ. ಕೆರೆಗಳನ್ನು ಕಟ್ಟಿಸಿದವರ, ಬಾವಿಗಳನ್ನು ತೋಡಿಸಿದವರ, ದಾರಿಹೋಕರಿಗೆ ಅರವಟ್ಟಿಗೆಗಳನ್ನಿಟ್ಟವರ ಹೆಸರುಗಳಿಂದ ನಮ್ಮ ಶಾಸನಗಳು ತುಂಬಿಹೋಗಿವೆ. ನಮ್ಮ ಕೆಂಕೆರೆಗೆ ದೂರವಲ್ಲದ ಗುಬ್ಬಿಯಿಂದ ಹೊರಟು, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ, ಗಳಿಸಿದ್ದನ್ನು ಅಲ್ಲಿಯ ರೈಲ್ವೆ ನಿಲ್ದಾಣದ ಬಳಿಯ ಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ವಿನಿಯೋಗಿಸಿದ ತೋಟದಪ್ಪನವರ ಹೆಸರನ್ನು ಈ ತೆಂಗಿನ ಸೀಮೆಯಲ್ಲಿ ಅರಿಯದವರಿಲ್ಲ. ಕೊಟ್ಟವರನ್ನು ನಾವು ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ಕೊಟ್ಟದ್ದು ತಲುಪಬೇಕಾದವರಿಗೆ ತಲುಪುವಂತೆ ನೋಡಿಕೊಂಡವರನ್ನು ನೆನೆಯುವ ವಾಡಿಕೆ ನಮ್ಮಲ್ಲಿ ಕಡಿಮೆ. ಅಂಥವರನ್ನು ಆರಿಸಿ, ತಿದ್ದಿ, ಕೆಲಸ ಕಲಿಸಿ ಸಿದ್ಧಗೊಳಿಸಿದವರನ್ನಂತೂ ನಾವು ಮರೆತೇ ಬಿಟ್ಟಿದ್ದೇವೆ ಎನ್ನಬೇಕು.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಪರೋಪಕಾರವು ಹೃದಯದ ಗುಣ, ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವೈದ್ಯನು ಕಲಿಯಬೇಕು, ಬಡಗಿಯು ಕಲಿಯಬೇಕು, ಉಪಾಧ್ಯಾಯನು ಕಲಿಯಬೇಕು. ಸೇವೆ ಮಾಡುವವನಿಗೆ ಮಾತ್ರ ಕನಿಕರವೊಂದಿದ್ದರೆ ಸಾಕು ಎಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟು ಅಪೂರ್ಣವಾದುದೆಂಬುದನ್ನು ತಮ್ಮ ಇಡೀ ಬಾಳಿನಿಂದ ತೋರಿಸಿಕೊಟ್ಟವರು ಶ್ರೀಮತಿ ಉಮಾಬಾಯಿ ಕುಂದಾಪುರ ಅವರು. ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಅವರ ಹೆಸರು ಸುಪರಿಚಿತ. ಆದರೆ ಸತ್ಯಾಗ್ರಹಿಯಾದ ಉಮಾಬಾಯಿಯವರ ಹಿಂದೆ ಶಿಕ್ಷಕಿಯಾದ ಉಮಾಬಾಯಿಯವರು ಮರೆಯಾಗಿದ್ದಾರೆ. ನಾನು ಇಲ್ಲಿ ಬರೆಯಲು ಬಯಸುವುದು ಮುಖ್ಯವಾಗಿ ಈ ಎರಡನೆಯವರನ್ನು ಕುರಿತು.

ಅವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತಂದೆ ಗೋಳಿಕೇರಿ ಕೃಷ್ಣರಾಯರು, ತಾಯಿ ಜುಂಗಾಬಾಯಿ. ಮಗುವಿಗಿಟ್ಟ ಹೆಸರು ಭವಾನಿ. ಕುಟುಂಬವು ಮುಂದೆ ಮುಂಬಯಿಗೆ ಹೋಗಿ ನೆಲೆಸಿತು. ಅಂದಿನ ಸಂಪ್ರದಾಯದಂತೆ 13ನೆಯ ವಯಸ್ಸಿನಲ್ಲೇ ಭವಾನಿಗೆ ಮದುವೆಯಾಯಿತು. ಸಂಜೀವರಾವ್ ಕುಂದಾಪುರ ಅವರ ಕೈಹಿಡಿದು ಅವರು ಉಮಾಬಾಯಿಯಾದರು. ಆ ಕಾಲದ ಸಾವಿರಾರು ಹೆಣ್ಣುಮಕ್ಕಳ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹೊಸಿಲು ದಾಟಿ ಒಳಗೆ ಹೋದ ಬಾಲೆ ಮತ್ತೆ ಪುಸ್ತಕವನ್ನು ಮುಟ್ಟುವ ಪ್ರಸಂಗವೇ ಇರುತ್ತಿರಲಿಲ್ಲ. ಉಮಾಬಾಯಿಯವರ ಪಾಲಿಗೆ ಕಥೆ ಅಲ್ಲಿಂದಲೇ ಆರಂಭವಾಯಿತು. ಅದಕ್ಕೆ ಕಾರಣರು ಅವರ ಮಾವ ಆನಂದರಾವ್ ಕುಂದಾಪುರ ಅವರು.

ಆನಂದರಾಯರು ಸುಧಾರಣಾವಾದಿಗಳು. ಹೆಣ್ಣು ಓದಬೇಕೆಂಬುದು ಅವರಿಗೆ ಸಭೆಯಲ್ಲಿ ಆಡಿ ಮನೆಯಲ್ಲಿ ಮರೆಯುವ ಮಾತಾಗಿರಲಿಲ್ಲ. ತಮ್ಮ ಮನೆಗೆ ಬಂದ ಸೊಸೆಯಿಂದಲೇ ಅದನ್ನು ಅವರು ಆಚರಣೆಗೆ ತಂದರು. ಮದುವೆಯಾದ ಮೇಲೆ ಉಮಾಬಾಯಿಯವರು ವಿದ್ಯಾಭ್ಯಾಸವನ್ನು ಮುಂದುವರಿಸಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಓದು ಮುಗಿಯಿತೆಂದು ಮಾವನವರು ಸುಮ್ಮನಾಗಲಿಲ್ಲ, ಸೊಸೆಯೂ ಸುಮ್ಮನಾಗಲಿಲ್ಲ. ಮುಂಬಯಿಯ ಗಾಂವದೇವಿ ಮಹಿಳಾ ಸಮಾಜದ ಮೂಲಕ ಇತರ ಸ್ತ್ರೀಯರಿಗೆ ಪಾಠ ಹೇಳುವ ಕೆಲಸದಲ್ಲಿ ಇಬ್ಬರೂ ತೊಡಗಿದರು. ತಾನು ಕಲಿತ ಒಡನೆಯೇ ಮತ್ತೊಬ್ಬರಿಗೆ ಕಲಿಸುವುದು ಎಂಬ ಅವರ ಜೀವನಕ್ರಮದ ಮೊದಲ ಹೆಜ್ಜೆ ಇದು. ಮುಂದೆ ಅವರು ಕೈಗೊಂಡ ಕಾರ್ಯಗಳಲ್ಲೆಲ್ಲ ಈ ಕ್ರಮವೇ ಕಾಣುತ್ತದೆ.

ಇದೇ ಕಾಲದಲ್ಲಿ ಹೊರಗಿನ ಪ್ರಪಂಚದಲ್ಲಿಯೂ ಒಂದು ವಿಚಾರ ತಲೆಯೆತ್ತುತ್ತಿತ್ತು. ನ್ಯೂಯಾರ್ಕ್ ನಗರದ ಧರ್ಮಕಾರ್ಯಗಳ ಸಂಘವೊಂದು 1898ರಲ್ಲಿ ಪರೋಪಕಾರ ಕಾರ್ಯದಲ್ಲಿ ತೊಡಗಿದವರಿಗಾಗಿಯೇ ಬೇಸಗೆಯ ಶಾಲೆಯೊಂದನ್ನು ನಡೆಸಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ಶಾಲೆಯಾಗಿ ಬೆಳೆದದ್ದು ಅದೇ. ಬಡವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವನಿಗೆ ಏನು ಕೇಳಬೇಕು, ಏನು ಕೇಳಬಾರದು, ಎಷ್ಟು ಕೊಡಬೇಕು, ಕೊಟ್ಟ ಮೇಲೆ ಏನಾಯಿತೆಂದು ಹೇಗೆ ನೋಡಬೇಕು ಎಂಬುದೆಲ್ಲ ತಿಳಿದಿರಬೇಕೆಂಬುದು ಆ ಶಾಲೆಯನ್ನು ತೆರೆದವರ ಅಭಿಪ್ರಾಯ. ನಮ್ಮ ದೇಶದಲ್ಲಿ ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ, ಸೇರುವ ಪ್ರತಿಯೊಬ್ಬ ಸದಸ್ಯನೂ ಮೊದಲ ಐದು ವರ್ಷಗಳನ್ನು ಅಭ್ಯಾಸದಲ್ಲಿ ಕಳೆಯಬೇಕೆಂದು ನಿಯಮವಿಟ್ಟರು. ಸೇವೆಗೆ ದೀಕ್ಷೆ ಮಾತ್ರವಲ್ಲ, ಶಿಕ್ಷಣವೂ ಬೇಕೆಂಬ ಮಾತು ಹೀಗೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಕೇಳಿಬಂದಿತು. ಆದರೆ ಆ ಶಿಕ್ಷಣ ನಮ್ಮ ಹಳ್ಳಿಯ ಹೆಣ್ಣುಮಗಳವರೆಗೆ ಬರಲು ಇನ್ನೂ ಬಹುಕಾಲ ಹಿಡಿಯಿತು.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಅಂತ್ಯಯಾತ್ರೆಗೆ ನೆರೆದ ಜನಸಾಗರವು ಉಮಾಬಾಯಿಯವರ ಮನಸ್ಸನ್ನು ಆಳವಾಗಿ ಕಲಕಿತು. ಅಂದಿನಿಂದ ಅವರು ರಾಷ್ಟ್ರೀಯ ಚಳವಳಿಯ ಕಡೆಗೆ ತಿರುಗಿದರು. ಮೂರು ವರ್ಷಗಳಲ್ಲಿ ಮತ್ತೊಂದು ಮರಣ ಅವರ ಮನೆಯನ್ನೇ ಹೊಕ್ಕಿತು. 1923ರಲ್ಲಿ ಪತಿ ಸಂಜೀವರಾಯರು ಕ್ಷಯರೋಗದಿಂದ ತೀರಿಕೊಂಡರು. ಆ ಕಾಲದಲ್ಲಿ ವಿಧವೆಯ ಸ್ಥಿತಿ ಏನಾಗಿತ್ತೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಅವಳ ಮುಖವನ್ನು ನೋಡಿ ಹೊರಟರೆ ಕಾರ್ಯ ಕೆಡುವುದೆಂದು ನಂಬಿದ್ದ ಸಮಾಜ ಅದು. ಮನೆಯ ಹಿತ್ತಿಲೇ ಅವಳ ಪ್ರಪಂಚದ ಎಲ್ಲೆ. ಆನಂದರಾಯರು ಸೊಸೆಯನ್ನು ಹಿತ್ತಿಲಿಗೆ ಕಳುಹಿಸಲಿಲ್ಲ. ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು. ಅಲ್ಲಿ ಅವರು ಕರ್ನಾಟಕ ಮುದ್ರಣಾಲಯವನ್ನು ನಡೆಸತೊಡಗಿದರು. ಉಮಾಬಾಯಿಯವರು ಭಗಿನೀ ಮಂಡಲವೆಂಬ ಸ್ತ್ರೀಯರ ಸಂಘವನ್ನು ಕಟ್ಟಿದರು.

ಹುಬ್ಬಳ್ಳಿಯಲ್ಲಿ ಉಮಾಬಾಯಿಯವರಿಗೆ ದೊರೆತ ಗುರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್ ಅವರು. ಹರ್ಡೀಕರರು 1889ರಲ್ಲಿ ಜನಿಸಿದವರು. ವೈದ್ಯವಿದ್ಯೆಯನ್ನು ಓದಿ, ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಅಲ್ಲಿ ಲಾಲಾ ಲಜಪತರಾಯರೊಡನೆ ಹೋಂ ರೂಲ್ ಲೀಗಿನ ಕಾರ್ಯದಲ್ಲಿ ದುಡಿದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಅವರು ತಮ್ಮ ಸ್ವಯಂಸೇವಕರೊಡನೆ ಹೋಗಿ ಸೆರೆಮನೆ ಸೇರಿದರು. ಅಲ್ಲಿಯ ಕಷ್ಟಗಳನ್ನು ತಾಳಲಾರದೆ ಕ್ಷಮೆ ಬೇಡಿ ಹೊರಗೆ ಹೋದವರು ಅನೇಕರು; ಹರ್ಡೀಕರರ ತಂಡ ಕದಲಲಿಲ್ಲ. ವ್ಯತ್ಯಾಸವಿದ್ದುದು ದೇಶಭಕ್ತಿಯಲ್ಲಲ್ಲ, ತರಬೇತಿಯಲ್ಲಿ. ಉತ್ಸಾಹದಿಂದ ಬಂದವರು ಉತ್ಸಾಹ ಇಳಿದಾಗ ಹೋದರು. ಶಿಸ್ತಿನಿಂದ ಬಂದವರು ಉಳಿದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಸ್ಥೆಯೊಂದು ಅಸ್ತಿತ್ವಕ್ಕೆ ಬಂದಿತು. ಅದೇ ಮುಂದೆ ಹಿಂದೂಸ್ತಾನಿ ಸೇವಾದಳವೆಂದು ಪ್ರಸಿದ್ಧವಾಯಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು. ಹರ್ಡೀಕರರು ಅದರ ಉಸಿರಾದರು.

ಹುಬ್ಬಳ್ಳಿಯಲ್ಲಿ ಹರ್ಡೀಕರರು ಆರಂಭಿಸಿದ್ದ ತಿಲಕ ಕನ್ಯಾಶಾಲೆಯ ಹೊಣೆಯನ್ನು ಉಮಾಬಾಯಿಯವರು ವಹಿಸಿಕೊಂಡರು. ಸೇವಾದಳದ ಮಹಿಳಾ ವಿಭಾಗದ ಹೊಣೆಯೂ ಅವರದೇ ಆಯಿತು. ಹಗಲು ಬಾಲಕಿಯರಿಗೆ ಪಾಠ, ಉಳಿದ ಹೊತ್ತು ಸ್ವಯಂಸೇವಕಿಯರಿಗೆ ಶಿಕ್ಷಣ, ನಡುವೆ ಹಳ್ಳಿಗಳ ಸಂಚಾರ. ಹೀಗೆ ಅವರ ದಿನಗಳು ಸಾಗಿದವು.

ಈ ಶಿಕ್ಷಣದ ಮೊದಲ ದೊಡ್ಡ ಪರೀಕ್ಷೆ ಬೆಳಗಾವಿಯಲ್ಲಿ ಬಂದಿತು. 1924ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ಅಲ್ಲಿ ಸೇರಿದ ಕಾಂಗ್ರೆಸ್ ಮಹಾಧಿವೇಶನವು ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರು ಸಮಸ್ತ ವ್ಯವಸ್ಥೆಯ ಭಾರವನ್ನು ಹೊತ್ತಿದ್ದರು. ಹರ್ಡೀಕರರು ಸ್ವಯಂಸೇವಕರನ್ನು ಸಿದ್ಧಗೊಳಿಸಿದ್ದರು. ಶಿಬಿರಕ್ಕೆ ವಿಜಯನಗರವೆಂಬ ಹೆಸರು; ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂಬ ಹೆಸರು. ಸಾವಿರಾರು ಜನ ನೆರೆದಾಗ ಅವರಿಗೆ ನೀರು, ಅನ್ನ, ನೆರಳು, ಚೊಕ್ಕಟ ಇವುಗಳನ್ನು ಒದಗಿಸುವುದು ಭಾಷಣ ಮಾಡುವುದಕ್ಕಿಂತ ಕಠಿಣವಾದ ಕೆಲಸ. ಮಲಮೂತ್ರಗಳ ವಿಲೇವಾರಿಯಂಥ, ಅಂದಿನ ಮೇಲುಜಾತಿಯವರು ಕನಸಿನಲ್ಲಿಯೂ ಮುಟ್ಟದ ಕಾರ್ಯವನ್ನು ಕಾಕಾ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರೇ ಮಾಡಿದರು.

ಈ ಅಧಿವೇಶನಕ್ಕಾಗಿ ಉಮಾಬಾಯಿಯವರು ಊರೂರು ಸುತ್ತಿ 150ಕ್ಕಿಂತಲೂ ಹೆಚ್ಚು ಸ್ತ್ರೀಯರನ್ನು ಸ್ವಯಂಸೇವಕಿಯರನ್ನಾಗಿ ಕೂಡಿಸಿದರು. ಅವರಲ್ಲಿ ಅನೇಕರು ವಿಧವೆಯರು. ಈ ಸಂಗತಿಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ಅವರು ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ, ಅದರ ಅರ್ಥವನ್ನು ಬಿಡುತ್ತಾರೆ. ಮದುವೆಯ ಮನೆಯಲ್ಲಿ ಎದುರಿಗೆ ಬರಬಾರದೆಂದು ಮೂಲೆಗೆ ತಳ್ಳಲ್ಪಟ್ಟ ಹೆಂಗಸು, ದೇಶದ ಅತಿದೊಡ್ಡ ಸಭೆಯ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಎದುರುಗೊಳ್ಳುವುದೆಂದರೆ ಏನು? ಅಮಂಗಳೆಯೆಂದು ಕರೆಯಿಸಿಕೊಂಡವಳ ಕೈಯಿಂದ ಸಾವಿರಾರು ಜನ ಅನ್ನ ನೀರುಗಳನ್ನು ಸ್ವೀಕರಿಸುವುದೆಂದರೆ ಏನು? ಉಮಾಬಾಯಿಯವರು ಈ ಸ್ತ್ರೀಯರಿಗೆ ಕನಿಕರವನ್ನು ನೀಡಲಿಲ್ಲ, ಕೆಲಸವನ್ನು ನೀಡಿದರು. ಕೆಲಸವನ್ನು ನೀಡುವುದಕ್ಕೆ ಮುಂಚೆ ಅದನ್ನು ಕಲಿಸಿದರು. ಕಲಿಸದೆ ನೀಡಿದ್ದರೆ ಸೋಲು ಅವರದಾಗುತ್ತಿತ್ತು, ಸೋತುದಕ್ಕೆ ಕಾರಣ ವೈಧವ್ಯವೆಂದು ಜನ ಹೇಳುತ್ತಿದ್ದರು. ತರಬೇತಿಯೆಂಬುದು ಅವರ ಪಾಲಿಗೆ ಕೇವಲ ಅನುಕೂಲವಾಗಿರಲಿಲ್ಲ. ಮಾನ ಉಳಿಸುವ ಸಾಧನವಾಗಿತ್ತು.

ಅಧಿವೇಶನ ಮುಗಿದ ಮೇಲೆ ಚಪ್ಪರ ಕಳಚಿದರು, ಕೆಲಸ ನಿಲ್ಲಲಿಲ್ಲ. ಸೇವಾದಳದ ಶಿಬಿರಗಳು ನಾಡಿನಲ್ಲೆಲ್ಲ ನಡೆದವು. ಸಾಲಾಗಿ ನಿಲ್ಲುವುದು, ಸಾಲಾಗಿ ನಡೆಯುವುದು, ಗುಂಪನ್ನು ತಳ್ಳದೆ ತಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಶಿಬಿರವನ್ನು ಶುಚಿಯಾಗಿಡುವುದು, ನೂಲುವುದು ಇವೇ ಅಲ್ಲಿಯ ಪಾಠಗಳು. ಹೊರನೋಟಕ್ಕೆ ಇವು ಸಣ್ಣ ವಿಷಯಗಳು. ಆದರೆ ಜಾತ್ರೆಯಲ್ಲಿ ಕಾಲ್ತುಳಿತವಾದಾಗ, ಊರಿಗೆ ಕಾಲರಾ ಬಂದಾಗ ಈ ಸಣ್ಣ ವಿಷಯಗಳೇ ಜೀವವನ್ನು ಉಳಿಸುತ್ತವೆ. ಉಮಾಬಾಯಿಯವರು ಹಳ್ಳಿಹಳ್ಳಿಗೆ ಹೋಗಿ ಖಾದಿಯನ್ನು ಮಾರಿದರು, ಸ್ತ್ರೀಯರನ್ನು ಸಂಘಟಿಸಿದರು.

1930ರ ಉಪ್ಪಿನ ಸತ್ಯಾಗ್ರಹದೊಡನೆ ಹೋರಾಟ ತೀವ್ರವಾಯಿತು. 1931ರಲ್ಲಿ ಸೇವಾದಳವನ್ನು ಕಾಂಗ್ರೆಸ್ ತನ್ನ ಅಂಗವನ್ನಾಗಿ ಮಾಡಿಕೊಂಡಿತು. 1932ರಲ್ಲಿ ಸರ್ಕಾರವು ಅದನ್ನು ನಿಷೇಧಿಸಿತು. ಆ ವರ್ಷ ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಾಡ ಸೆರೆಮನೆಯಲ್ಲಿಟ್ಟರು. ಇಷ್ಟರಲ್ಲಿ ಅವರು ಕಟ್ಟಿದ್ದೆಲ್ಲ ಹೊರಗೆ ಒಂದೊಂದಾಗಿ ಉರುಳಿತು. ಮುದ್ರಣಾಲಯವನ್ನು ಸರ್ಕಾರ ವಶಪಡಿಸಿಕೊಂಡಿತು. ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತು. ಭಗಿನೀ ಮಂಡಲವು ಕಾನೂನುಬಾಹಿರವೆಂದು ಘೋಷಿಸಲ್ಪಟ್ಟಿತು. ಮಗಳಂತೆ ಸಲಹಿ, ಓದಿಸಿ, ಹೊರಲೋಕಕ್ಕೆ ಕೈಹಿಡಿದು ನಡೆಸಿದ ಮಾವ ಆನಂದರಾಯರನ್ನೂ ಅವರು ಈ ಕಷ್ಟಕಾಲದಲ್ಲಿಯೇ ಕಳೆದುಕೊಂಡರು.

ಬೇರೊಬ್ಬರಾಗಿದ್ದರೆ ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುತ್ತಿದ್ದರು. ಆದರೆ ಒಂದು ವಸ್ತು ಮಾತ್ರ ಸರ್ಕಾರದ ಕೈಗೆ ಸಿಕ್ಕಿರಲಿಲ್ಲ. ಅಚ್ಚಿನ ಮೊಳೆಗಳನ್ನು ಒಯ್ಯಬಹುದು, ಶಾಲೆಯ ಬಾಗಿಲಿಗೆ ಬೀಗ ಹಾಕಬಹುದು. ಕಲಿತವರ ಕಲಿಕೆಗೆ ಬೀಗ ಹಾಕುವುದು ಹೇಗೆ? ಸೆರೆಮನೆಯಿಂದ ಬಿಡುಗಡೆಯಾದ ಅನೇಕ ಸ್ತ್ರೀಯರಿಗೆ ಹೋಗಲು ಮನೆಯಿರಲಿಲ್ಲ, ಇದ್ದರೂ ಒಳಗೆ ಸೇರಿಸುವವರಿರಲಿಲ್ಲ. ಅವರಿಗೆಲ್ಲ ಉಮಾಬಾಯಿಯವರ ಚಿಕ್ಕ ಮನೆಯೇ ತವರಾಯಿತು.

1934ರ ಜನವರಿ 15ರ ಮಧ್ಯಾಹ್ನ ಬಿಹಾರದಲ್ಲಿ ಭೂಮಿ ನಡುಗಿತು. ಮುಂಗೇರ್, ಮುಜಫರಪುರ, ದರ್ಭಂಗಾ ಪಟ್ಟಣಗಳು ಕೆಲವೇ ಕ್ಷಣಗಳಲ್ಲಿ ಕುಸಿದವು. ಬಿಹಾರ ನೇಪಾಳಗಳೆರಡೂ ಸೇರಿ ಸತ್ತವರು ಹತ್ತು ಸಾವಿರಕ್ಕೂ ಮಿಕ್ಕವರು. ನೆಲ ಬಿರಿದು ಒಳಗಿನ ಮರಳು ಮೇಲೆ ಬಂದು ಹೊಲಗಳನ್ನು ಮುಚ್ಚಿತು. ಬಾವಿಗಳು ಮರಳಿನಿಂದ ತುಂಬಿ ಕುಡಿಯುವ ನೀರಿಗೂ ತತ್ವಾರವಾಯಿತು. ಆಗತಾನೆ ಸೆರೆಮನೆಯಿಂದ ಬಿಡುಗಡೆಯಾದ ಬಾಬು ರಾಜೇಂದ್ರಪ್ರಸಾದರು, ಅನಾರೋಗ್ಯದಲ್ಲಿಯೇ, ಪರಿಹಾರ ಸಮಿತಿಯನ್ನು ಕಟ್ಟಿದರು. ಉಮಾಬಾಯಿಯವರು ತಮ್ಮ ಸ್ವಯಂಸೇವಕರೊಡನೆ ಹುಬ್ಬಳ್ಳಿಯಿಂದ ಅಷ್ಟು ದೂರ ಹೋಗಿ, ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ರಾಜೇಂದ್ರಪ್ರಸಾದ್, ಆಚಾರ್ಯ ಕೃಪಲಾನಿ ಮೊದಲಾದ ನಾಯಕರ ಪರಿಚಯ ಅವರಿಗಾದದ್ದು ಅಲ್ಲಿಯೇ.

ಬಿಹಾರದ ಪರಿಹಾರ ಕಾರ್ಯವು ನಮ್ಮ ದೇಶದ ಸೇವಾಕಾರ್ಯದ ಇತಿಹಾಸದಲ್ಲಿ ಮತ್ತೊಂದು ಕಾರಣಕ್ಕಾಗಿಯೂ ಸ್ಮರಣೀಯ. ದೇಶದ ಎಲ್ಲೆಡೆಯಿಂದ ಹರಿದು ಬಂದ ಹಣದ ಲೆಕ್ಕವನ್ನು ನೋಡಿಕೊಳ್ಳಲು ಬಂದವರು ಅರ್ಥಶಾಸ್ತ್ರಜ್ಞ ಜೆ. ಸಿ. ಕುಮಾರಪ್ಪನವರು. ಭೂಕಂಪದ ಸಂತ್ರಸ್ತರಿಗೆಂದು ಬಂದ ಹಣದಿಂದ ಸ್ವತಃ ಗಾಂಧಿಯವರ ಪರಿವಾರದ ಪ್ರವಾಸದ ವೆಚ್ಚವನ್ನೂ ಕೊಡಲಾಗದೆಂದು ಅವರು ನಿಷ್ಠುರವಾಗಿ ತಿಳಿಸಿದ್ದು ಪ್ರಸಿದ್ಧವಾದ ಸಂಗತಿ. ಗಾಂಧಿಯವರು ಅದನ್ನು ಮೆಚ್ಚಿಕೊಂಡರೆಂಬುದು ಅಷ್ಟೇ ಮುಖ್ಯ. ಸಂಕಟದ ವೇಳೆಯಲ್ಲಿ ಲೆಕ್ಕವನ್ನು ಕೇಳುವುದು ನಿರ್ದಯತೆಯೆಂದು ನಮ್ಮಲ್ಲಿ ಹಲವರ ಎಣಿಕೆ. ಆದರೆ ಲೆಕ್ಕವಿಲ್ಲದ ದಯೆಯು ಬಲಶಾಲಿಯಾದವನ ಕೈಗೆ ಮೊದಲು ಸಿಕ್ಕು, ದುರ್ಬಲನ ಕೈಗೆ ಕೊನೆಯಲ್ಲಿ ಸಿಕ್ಕುತ್ತದೆ. ಬಹಳ ಸಲ ಸಿಕ್ಕುವುದೇ ಇಲ್ಲ. ಗಾಯಕ್ಕೆ ಪಟ್ಟಿ ಕಟ್ಟುವುದು ಸೇವೆಯ ಒಂದು ಪಾಠವಾದರೆ, ಬಂದ ಪ್ರತಿ ಕಾಸಿಗೂ ಲೆಕ್ಕ ಬರೆಯುವುದು ಮತ್ತೊಂದು ಪಾಠ. ಬಿಹಾರಕ್ಕೆ ಹೋದ ಸ್ವಯಂಸೇವಕರಿಗೆ ಈ ಎರಡೂ ಒಂದೇ ಕಡೆಯಲ್ಲಿ ಕಾಣಲು ದೊರೆತವು.

1942ರ ಚಳವಳಿಯ ಕಾಲದಲ್ಲಿ ಉಮಾಬಾಯಿಯವರ ಆರೋಗ್ಯ ಕೆಟ್ಟಿದ್ದಿತು. ಆದರೂ ಭೂಗತರಾಗಿ ದುಡಿಯುತ್ತಿದ್ದ ಕಾರ್ಯಕರ್ತರಿಗೆ ಅವರ ಮನೆಯ ಬಾಗಿಲು ಎಂದೂ ಮುಚ್ಚಲಿಲ್ಲ. ರಾತ್ರಿಯ ಯಾವ ಹೊತ್ತಿನಲ್ಲಿ ಬಂದವನಿಗೂ ಅಲ್ಲಿ ಅನ್ನವಿತ್ತು.

ಅವರ ಬಾಳಿನ ಅತಿ ಮಹತ್ವದ ಅಧ್ಯಾಯ ಇನ್ನೂ ಮುಂದಿತ್ತು. 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಕಸ್ತೂರಬಾ ಅವರು ನಿಧನರಾದರು. ಅವರ ಸ್ಮಾರಕವಾಗಿ 75 ಲಕ್ಷ ರೂಪಾಯಿಗಳನ್ನು ಕೂಡಿಸಬೇಕೆಂದು ಹೊರಟಾಗ ದೇಶವು ಒಂದು ಕೋಟಿಗೂ ಮಿಕ್ಕಿ ಕೊಟ್ಟಿತು. ಈ ನಿಧಿಯನ್ನು ಹಳ್ಳಿಗಳ ಬಡ ಸ್ತ್ರೀಯರ ಮತ್ತು ಮಕ್ಕಳ ಹಿತಕ್ಕಾಗಿಯೇ ಬಳಸಬೇಕೆಂದು ಗಾಂಧಿಯವರು ನಿರ್ಧರಿಸಿದರು. ಠಕ್ಕರ್ ಬಾಪಾ ಅವರು ಕಾರ್ಯದರ್ಶಿಗಳಾದರು. ಕಲ್ಲಿನ ಸ್ಮಾರಕವೊಂದನ್ನು ನಿಲ್ಲಿಸಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಅದರ ಬದಲು ಟ್ರಸ್ಟು ಕೈಗೊಂಡದ್ದು ಗ್ರಾಮಸೇವಿಕೆಯರ ಶಿಕ್ಷಣವನ್ನು. ಆರೋಗ್ಯ, ಹೆರಿಗೆಯ ಶುಶ್ರೂಷೆ, ಶಿಶುಪಾಲನೆ, ಬುನಾದಿ ಶಿಕ್ಷಣ, ನೂಲುವಿಕೆ ಮತ್ತು ಗ್ರಾಮೋದ್ಯೋಗ ಇವುಗಳನ್ನು ಕಲಿತ ಹೆಣ್ಣುಮಕ್ಕಳು ಹಳ್ಳಿಯಲ್ಲಿಯೇ ನೆಲೆಸಿ ಹಳ್ಳಿಯ ಹೆಣ್ಣುಮಕ್ಕಳಿಗೆ ನೆರವಾಗಬೇಕೆಂಬುದು ಉದ್ದೇಶ. ಪ್ರಾಂತಪ್ರಾಂತಗಳಲ್ಲಿ ಈ ಕಾರ್ಯವನ್ನು ಸ್ತ್ರೀಯರೇ ನಡೆಸಬೇಕೆಂಬುದು ಗಾಂಧಿಯವರ ಇಚ್ಛೆ. 1946ರಲ್ಲಿ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ ಅವರು ನೇಮಿಸಿದ್ದು ಉಮಾಬಾಯಿಯವರನ್ನು.

ಆಗ ಅವರಿಗೆ 54 ವರ್ಷ. ಪಾಠ ಹೇಳಿಕೊಟ್ಟವರಾಗಿ, ಸ್ವಯಂಸೇವಕಿಯರ ಮುಂದಾಳಾಗಿ, ಸೆರೆಯಾಳಾಗಿ, ಪರಿಹಾರ ಶಿಬಿರದ ಕೆಲಸಗಾತಿಯಾಗಿ ಅವರು ಗಳಿಸಿದ್ದ ಅನುಭವವೆಲ್ಲ ಈ ಒಂದು ಕಾರ್ಯಕ್ಕಾಗಿಯೇ ಕೂಡಿಬಂದಂತಿತ್ತು. ಆದರೆ ಕೈಯಲ್ಲಿ ಹಣವಿರಲಿಲ್ಲ. ದೇಶದ ನಿಧಿ ಎಷ್ಟೇ ದೊಡ್ಡದಾಗಿದ್ದರೂ ಪ್ರಾಂತದ ಶಾಖೆಯ ಬೊಕ್ಕಸ ಚಿಕ್ಕದು. ಆಗ ಉಮಾಬಾಯಿಯವರು ಭಿಕ್ಷಾಪಾತ್ರೆಯನ್ನು ಹಿಡಿದು ಮನೆಮನೆಯ ಬಾಗಿಲಿಗೆ ಹೋದರು. ಮುಂಬಯಿಯ ಸುಶಿಕ್ಷಿತ ಮನೆತನದ ಸೊಸೆ, ಹುಬ್ಬಳ್ಳಿಯ ಮುದ್ರಣಾಲಯದ ಒಡತಿಯಾಗಿದ್ದವರು, ಊರ ಹೆಣ್ಣುಮಕ್ಕಳು ಕೆಲಸ ಕಲಿಯಲೆಂದು ಭಿಕ್ಷೆ ಬೇಡಿದರು. ಛತ್ರಕ್ಕೆಂದರೆ ಕೊಡುವವರುಂಟು, ದೇವಸ್ಥಾನಕ್ಕೆಂದರೆ ಕೊಡುವವರುಂಟು. ಅಲ್ಲಿ ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಲು ಸ್ಥಳವಿದೆ. ಕಲಿಕೆಗೆಂದು ಕೊಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಎಲ್ಲೋ ಒಂದು ಹಳ್ಳಿಯಲ್ಲಿ ಬಾಣಂತಿಯೊಬ್ಬಳು ಬದುಕುತ್ತಾಳೆ, ಮಗುವೊಂದು ಉಳಿಯುತ್ತದೆ. ಅದರ ಮೇಲೆ ಯಾರ ಹೆಸರನ್ನೂ ಕೆತ್ತಲಾಗುವುದಿಲ್ಲ. ಅಂಥ ಕಾರ್ಯಕ್ಕೆ ಹಣ ಕೇಳುವುದೆಷ್ಟು ಕಷ್ಟವೆಂಬುದನ್ನು, ಯಾವುದೇ ಸಂಸ್ಥೆಯ ಕೆಲಸಕ್ಕಾಗಿ ನಾಲ್ಕು ಬಾಗಿಲುಗಳನ್ನು ತಟ್ಟಿದವರು ಬಲ್ಲರು.

ನಮ್ಮ ತೆಂಗಿನ ಸೀಮೆಯ ವಾಚಕರಿಗೆ ಈ ಮಾತನ್ನು ಬೇರೆ ರೀತಿಯಲ್ಲಿ ಹೇಳಬಹುದು. ಬಲಿತ ಕಾಯನ್ನು ಮರದಿಂದ ಇಳಿಸಿದ ದಿನವೇ ಅದು ಕೊಬ್ಬರಿಯಾಗುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ, ವರ್ಷದ ಸಮೀಪಕ್ಕೆ, ಅದು ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪನ್ನು ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಗಿಟುಕು ಸದ್ದು ಮಾಡಬೇಕು. ಅವಸರಪಟ್ಟು ಒಡೆದವನಿಗೆ ಉಂಡೆ ಕೊಬ್ಬರಿ ದಕ್ಕುವುದಿಲ್ಲ. ಅಟ್ಟದ ಮೇಲಿನ ಆ ಕಾಲವನ್ನು ಕೆಂಕೆರೆಯ ಯಾವ ರೈತನೂ ವ್ಯರ್ಥವೆನ್ನುವುದಿಲ್ಲ. ಆದರೆ ಸೇವಾಕಾರ್ಯಕ್ಕೆ ಸೇರಿದ ತರುಣನು ಆರು ತಿಂಗಳು ಕಲಿಯುವುದಕ್ಕೆ ಹಣ ಬೇಕೆಂದರೆ ನಮಗೆ ಅದು ವ್ಯರ್ಥ ವೆಚ್ಚವಾಗಿ ಕಾಣುತ್ತದೆ. ಹಣವೆಲ್ಲ ನೇರವಾಗಿ ಬಡವನಿಗೇ ಹೋಗಲಿ ಎನ್ನುತ್ತೇವೆ. ಮಾತು ಕೇಳಲು ಇಂಪು. ಆದರೆ ಕಲಿಯದ ಕೈಯಿಂದ ಹೋದ ಹಣ ಬಡವನವರೆಗೆ ಹೋಗುವುದೆಂಬ ಭರವಸೆಯೇನು? ಉಮಾಬಾಯಿಯವರ ಭಿಕ್ಷಾಪಾತ್ರೆ ನಮಗೆ ಕೇಳುವ ಪ್ರಶ್ನೆ ಇದೇ.

ಸ್ವಾತಂತ್ರ್ಯ ಬಂದ ಮೇಲೆ ಅವರ ಸಮಕಾಲೀನರಲ್ಲಿ ಅನೇಕರಿಗೆ ಅಧಿಕಾರ ಒದಗಿತು. ಉಮಾಬಾಯಿಯವರು ರಾಜ್ಯದ ಸಮಾಜ ಕಲ್ಯಾಣ ಸಲಹಾ ಮಂಡಲಿಯ ಅಧ್ಯಕ್ಷತೆಯನ್ನು ಕೆಲಕಾಲ ವಹಿಸಿದ್ದನ್ನು ಬಿಟ್ಟರೆ, ಪದವಿಗಳ ಹತ್ತಿರಕ್ಕೆ ಹೋಗಲಿಲ್ಲ. ಸ್ವಾತಂತ್ರ್ಯ ಯೋಧರಿಗೆಂದು ಸರ್ಕಾರ ಕೊಡುತ್ತಿದ್ದ ತಾಮ್ರಪತ್ರವನ್ನೂ ನಿವೃತ್ತಿವೇತನವನ್ನೂ ಒಪ್ಪಿಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಚಿಕ್ಕದೊಂದು ಮನೆ. ಅದಕ್ಕೆ ಆನಂದಸ್ಮೃತಿಯೆಂದು ಹೆಸರು. ತಮ್ಮನ್ನು ಓದಿಸಿದ ಮಾವನವರ ಹೆಸರನ್ನು ಬಾಗಿಲಿನ ಮೇಲೆ ಉಳಿಸಿ, ತಾವು ಅದರ ಒಳಗೆ ಸದ್ದಿಲ್ಲದೆ ಬಾಳಿದರು. ಗುರುವಾದ ಹರ್ಡೀಕರರು 1975ರಲ್ಲಿ ತೀರಿಕೊಂಡರು. ಉಮಾಬಾಯಿಯವರು ನೂರು ವರ್ಷಗಳ ಬಾಳನ್ನು ಪೂರೈಸಿ 1992ರಲ್ಲಿ ಹುಬ್ಬಳ್ಳಿಯಲ್ಲಿಯೇ ನಿಧನರಾದರು.

ಅವರ ಜೀವಿತಕಾಲದಲ್ಲಿಯೇ ಸೇವೆಯ ಶಿಕ್ಷಣವು ವಿಶ್ವವಿದ್ಯಾನಿಲಯಗಳನ್ನು ಹೊಕ್ಕಿತು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅವರು ಹುಟ್ಟಿದ ಮಂಗಳೂರಿನಲ್ಲಿಯೇ 1960ರಲ್ಲಿ ರೋಶನಿ ನಿಲಯವು ಆರಂಭವಾಯಿತು. ಇಂದು ಪದವಿಗಳಿವೆ, ಪಠ್ಯಪುಸ್ತಕಗಳಿವೆ, ಅಧ್ಯಾಪಕರಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಒಬ್ಬ ಅಧ್ಯಾಪಕನಾಗಿ ನನಗೆ ಕಾಣುವ ಒಂದು ಕೊರತೆಯನ್ನು ಹೇಳಲೇಬೇಕು. ಪದವಿಯ ಶಿಕ್ಷಣವು ಮೇಲಿನ ಮೆಟ್ಟಲಿನ ಕಾರ್ಯಕರ್ತರಿಗೆ ದೊರೆಯುತ್ತಿದೆ. ಬಾಗಿಲಿನಿಂದ ಬಾಗಿಲಿಗೆ ನಡೆಯುವವರಿಗೆ ದೊರೆಯುವುದು ಕೆಲವು ದಿನಗಳ ತರಬೇತಿ ಮಾತ್ರ. 1975ರಲ್ಲಿ ಆರಂಭವಾದ ಅಂಗನವಾಡಿಗಳಲ್ಲಿ, 2005ರಿಂದೀಚೆಗೆ ಬಂದ ಆಶಾ ಕಾರ್ಯಕರ್ತೆಯರಲ್ಲಿ ನಾನು ಕಾಣುವುದು ಉಮಾಬಾಯಿಯವರು ಕನಸಿದ ಗ್ರಾಮಸೇವಿಕೆಯನ್ನೇ. ಕೂಸಿನ ತೂಕ ನೋಡುವವಳು ಅವಳು, ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಅವಳು. ಅವಳ ಕಲಿಕೆಗೆ ನಾವು ಕೊಡುವ ಬೆಲೆಯೆಷ್ಟು, ಅವಳ ದುಡಿಮೆಗೆ ಕೊಡುವ ಸಂಬಳವೆಷ್ಟು ಎಂಬುದನ್ನು ಪ್ರತಿಯೊಂದು ಊರೂ ತನ್ನನ್ನು ತಾನು ಕೇಳಿಕೊಳ್ಳಬೇಕು. ಸೇವೆಯೆಂದು ಹೊಗಳಿ ಕೂಲಿಯನ್ನು ಕಡಿಮೆ ಮಾಡುವುದು ಹೊಗಳಿಕೆಯಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಉಮಾಬಾಯಿಯವರು ಸಂಬಳ ಪಡೆಯಲಿಲ್ಲವಲ್ಲ, ನಿವೃತ್ತಿವೇತನವನ್ನೂ ಬೇಡವೆಂದರಲ್ಲ, ಹಾಗಿರುವಾಗ ಅವರ ಹೆಸರಿನಲ್ಲಿ ಸಂಬಳದ ಮಾತೇಕೆ ಎಂದು ಕೆಲವರು ಕೇಳಬಹುದು. ತ್ಯಾಗವು ತಾನಾಗಿ ಆರಿಸಿಕೊಂಡಾಗ ತ್ಯಾಗ. ಇನ್ನೊಬ್ಬರ ಮೇಲೆ ಹೇರಿದಾಗ ಅದಕ್ಕೆ ಬೇರೆ ಹೆಸರಿದೆ. ಉಮಾಬಾಯಿಯವರು ತಮಗಾಗಿ ಏನನ್ನೂ ಕೇಳಲಿಲ್ಲ ನಿಜ. ಆದರೆ ತಾವು ತಯಾರು ಮಾಡಬೇಕಾಗಿದ್ದ ಹೆಣ್ಣುಮಕ್ಕಳಿಗಾಗಿ ಅವರು ಬೀದಿಗಿಳಿದು ಬೇಡಿದರು. ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ ಅವರ ಬಾಳಿನ ನ್ಯಾಯ ನಮಗೆ ತಿಳಿಯುತ್ತದೆ.

ತಿಪಟೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟರೆ ಮುಂದಿನ ದೊಡ್ಡ ನಿಲ್ದಾಣ ಅರಸೀಕೆರೆ. ಕಸ್ತೂರಬಾ ಸ್ಮಾರಕ ಟ್ರಸ್ಟಿನ ಕಸ್ತೂರಬಾ ಗ್ರಾಮ ಇರುವುದು ಅಲ್ಲಿ. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹಳ್ಳಿಗಳಲ್ಲಿ ಶಿಬಿರ ಹೂಡುತ್ತಾರೆ. ರಸ್ತೆ ಗುಡಿಸುತ್ತಾರೆ, ಗಿಡ ನೆಡುತ್ತಾರೆ, ಕೊನೆಯ ದಿನ ಸಮಾರಂಭ ಮಾಡಿ ಹಿಂತಿರುಗುತ್ತಾರೆ. ಅವರ ಉತ್ಸಾಹದಲ್ಲಿ ನನಗೆ ಸಂದೇಹವಿಲ್ಲ. ಆದರೆ ಹೊರಡುವ ಮುಂಚೆ ಒಂದು ವಾರ, ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಲೆಕ್ಕ ಬರೆಯುವುದನ್ನೂ ಊರಿನವರ ಮಾತನ್ನು ತಾಳ್ಮೆಯಿಂದ ಕೇಳುವುದನ್ನೂ ಅವರಿಗೆ ಕಲಿಸಿದರೆ, ನೆಟ್ಟ ಗಿಡಗಳಿಗೆ ಮುಂದಿನ ಬೇಸಗೆಯಲ್ಲಿ ನೀರೆರೆಯುವವರೂ ಅವರಲ್ಲಿಯೇ ಹುಟ್ಟಿಯಾರು.